ತಿಂಗಳ ಕೊನೆಯ ವಾರ, ಡಬ್ಬಿಯಲ್ಲಿ ಇದ್ದದ್ದೇ ಅಡುಗೆ

ತಿಂಗಳ ಕೊನೆಯ ವಾರ ನಾನು ನಮ್ಮ ಕಲಬುರಗಿಯ ತರಕಾರಿ ಸಂತೆ, ಕಣ್ಣಿ ಮಾರ್ಕೆಟ್ ಕಡೆ ಹೋಗುವುದಿಲ್ಲ. ಹಾಲು, ಮೊಸರು, ಒಂದಿಷ್ಟು ಹಸಿಮೆಣಸಿನಕಾಯಿ ಬಿಟ್ಟರೆ ಹೊಸದಾಗಿ ಏನನ್ನೂ ತರುವುದಿಲ್ಲ. ಎರಡು ಹೊತ್ತಿನ ಊಟ, ಮಕ್ಕಳ ಬುತ್ತಿ ಎಲ್ಲ ಮನೆಯ ಡಬ್ಬಿಗಳಲ್ಲಿ ಇದ್ದದ್ದರಲ್ಲೇ ಆಗಬೇಕು. ಶುರುವಿನಲ್ಲಿ ಇದು ಅನಿವಾರ್ಯವಾಗಿತ್ತು. ಮನೆಯವರ ಪಗಾರ ಕೆಲವು ತಿಂಗಳು ತಡವಾಗಿ ಬರುತ್ತಿತ್ತು. ಈಗ ಸರಿಯಾಗಿ ಬರುತ್ತದೆ, ಆದರೂ ರೂಢಿ ಬಿಟ್ಟಿಲ್ಲ. ದುಡ್ಡು ಉಳಿಯುತ್ತದೆ. ಡಬ್ಬಿಗಳೂ ಖಾಲಿಯಾಗಿ, ತೊಳೆದು ಬಿಸಿಲಿಗೆ ಇಡಲು ಸಿಗುತ್ತವೆ. ಇಲ್ಲದಿದ್ದರೆ ತಳದಲ್ಲಿ ಉಳಿದ ಹಳೆಯ ಹಿಟ್ಟಿನ ಮೇಲೆ ಹೊಸ ಹಿಟ್ಟು ಸುರಿಯುತ್ತಾ ಹೋಗುತ್ತೇವೆ, ಅಲ್ವಾ?

ತರಕಾರಿ ಇಲ್ಲ ಅಂದರೆ ಅಡುಗೆನೇ ಇಲ್ಲ ಅಂತ ಈಗ ಬಹಳ ಜನ ಅಂದುಕೊಂಡಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಏಪ್ರಿಲ್, ಮೇ ಬಂತೆಂದರೆ ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ಮುಟ್ಟುತ್ತದೆ. ಬೆಳಿಗ್ಗೆ ತಂದ ಸೊಪ್ಪು ಮಧ್ಯಾಹ್ನಕ್ಕೆ ಬಾಡಿ ಹೋಗುತ್ತದೆ. ಫ್ರಿಜ್ ಇಲ್ಲದ ಕಾಲದಲ್ಲಿ ಇಲ್ಲಿಯ ಹೆಂಗಸರು ಅಂಥ ದಿನಗಳಲ್ಲೂ ಮನೆ ತುಂಬ ಜನಕ್ಕೆ ಹೊಟ್ಟೆ ತುಂಬ ಹಾಕುತ್ತಿದ್ದರು. ಜೋಳ, ಬೇಳೆ, ಕಡಲೆ ಹಿಟ್ಟು, ಹಿಂಡಿ (ಅಂದರೆ ಚಟ್ನಿಪುಡಿ), ಒಣಗಿಸಿದ ಸೊಪ್ಪು, ಹುಣಸೆಹಣ್ಣು, ಕುಸುಬೆ ಎಣ್ಣೆ. ಇಷ್ಟಿದ್ದರೆ ಅವರಿಗೆ ಸಾಕಿತ್ತು. ನಾನು ಹೊಸದೇನೂ ಕಂಡುಹಿಡಿದಿಲ್ಲ. ಅವರು ಮಾಡಿದ್ದನ್ನೇ ಮಾಡುತ್ತೇನೆ.

ವಾರ ಶುರುವಾಗುವ ಮುಂಚೆ ಎಲ್ಲ ಡಬ್ಬಿಗಳ ಮುಚ್ಚಳ ತೆಗೆದು ಮೂಸಿ ನೋಡುತ್ತೇನೆ. ಮೊದಲು ಖರ್ಚಾಗಬೇಕಾದದ್ದು ಹಿಟ್ಟು ಮತ್ತು ಪುಡಿ. ಬೇಳೆ ಆಮೇಲೆ. ಇಡೀ ಕಾಳು ಎಲ್ಲಕ್ಕಿಂತ ಕೊನೆಗೆ. ಜೋಳ ಕಾಳಾಗಿದ್ದರೆ ತಿಂಗಳುಗಟ್ಟಲೆ ಇರುತ್ತದೆ. ಹಿಟ್ಟಾದ ಮೇಲೆ, ಅದರಲ್ಲೂ ಬೇಸಿಗೆಯಲ್ಲಿ, ಬೇಗ ಕಹಿಯಾಗುತ್ತದೆ. ಹಳೆಯ ಹಿಟ್ಟಿಗೆ ಜಿಗಿಯೂ ಇರುವುದಿಲ್ಲ, ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಜೋಳದಲ್ಲಿ ಗೋಧಿಯಂಥ ಅಂಟು ಇಲ್ಲ. ಕುದಿಯುವ ಎಸರು ಹೊಯ್ದಾಗ ಹಿಟ್ಟು ಸ್ವಲ್ಪ ಬೆಂದು ಹಿಡಿತ ಬರುತ್ತದೆ, ಅಷ್ಟೇ. ಹಾಗಾಗಿ ಹಿಟ್ಟು ಹಳೆಯದಿದ್ದರೆ ಎಸರು ಚೆನ್ನಾಗಿ ಮರಳುವವರೆಗೆ ಕಾಯುತ್ತೇನೆ. ಹೊಯ್ದ ಮೇಲೆ ಒಂದು ಗಳಿಗೆ ಮುಚ್ಚಿಟ್ಟು, ಬಿಸಿ ಇರುವಾಗಲೇ ನಾದುತ್ತೇನೆ. ನಾಲಿಗೆಗೆ ಕಹಿ ತಾಗಿದರೆ ಮಾತ್ರ ಅದನ್ನು ಉಳಿಸಲು ಹೋಗಬೇಡಿ. ಅಗಸೆ, ಗುರೆಳ್ಳು, ಶೇಂಗಾ ಹಿಂಡಿಯೂ ಹಾಗೆಯೇ. ಎಣ್ಣೆಕಾಳಿನ ಪುಡಿ ಬೇಗ ಕಮಟು ವಾಸನೆ ಬರುತ್ತದೆ. ನಾನು ಒಂದು ಸಲಕ್ಕೆ ಒಂದು ಸಣ್ಣ ಬಾಟಲಿಯಷ್ಟೇ ಕುಟ್ಟಿಡುತ್ತೇನೆ.

ಮೊದಲ ದಿನ ನಮ್ಮಲ್ಲಿ ಬಹುತೇಕ ಝುಣಕ. ಒಂದು ವಾಟಿ (ಬಟ್ಟಲು) ಕಡಲೆ ಹಿಟ್ಟಿನಲ್ಲಿ ನಾಲ್ಕು ಜನರ ಊಟ ಆಗುತ್ತದೆ, ಇದಕ್ಕಿಂತ ಕಡಿಮೆ ಖರ್ಚಿನ ಪಲ್ಯ ನನಗೆ ಗೊತ್ತಿಲ್ಲ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಒಗ್ಗರಣೆ ಮಾಡಬೇಕು. ಬೆಳ್ಳುಳ್ಳಿಗೆ ಕೈ ಬಿಗಿ ಮಾಡಬೇಡಿ. ಅರಿಶಿನ, ಉಪ್ಪು, ಎರಡು ವಾಟಿ ನೀರು. ನೀರು ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಒಂದು ಕೈಯಿಂದ ಹಿಟ್ಟು ಉದುರಿಸುತ್ತಾ ಇನ್ನೊಂದು ಕೈಯಿಂದ ತಿರುವುತ್ತಿರಬೇಕು. ಗಂಟು ಕಂಡರೆ ಸೌಟಿನ ಬೆನ್ನಿನಿಂದ ಪಾತ್ರೆಯ ಅಂಚಿಗೆ ಒತ್ತಿದರೆ ಒಡೆಯುತ್ತದೆ. ಆಮೇಲೆ ಮುಚ್ಚಳ ಹಾಕಿ ಐದು ನಿಮಿಷ ಬಿಡಬೇಕು. ಬಹಳ ಮಂದಿ ಇಲ್ಲಿಯೇ ಅವಸರ ಮಾಡುತ್ತಾರೆ. ಹಸಿ ವಾಸನೆ ಹೋಗಿ, ತಳ ಬಿಡುತ್ತಾ ಬಂದಾಗಲೇ ಝುಣಕ ಆಯಿತು ಅಂತ. ಎಣ್ಣೆ ಸವರಿದ ತಟ್ಟೆಯಲ್ಲಿ ತಟ್ಟಿ ವಡಿ ಕೊಯ್ದರೆ ಮರುದಿನ ಮಕ್ಕಳ ಬುತ್ತಿಗೂ ಬರುತ್ತದೆ. ಅದೇ ಹಿಟ್ಟಿಗೆ ನೀರು ದುಪ್ಪಟ್ಟು ಮಾಡಿದರೆ ತಿಳಿ ಝುಣಕ, ಅನ್ನಕ್ಕೂ ನಡೆಯುತ್ತದೆ.

ಇನ್ನು ತೊಗರಿ ಬೇಳೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು, ಊರಿಗೇ ತೊಗರಿ ಕಣಜ ಅಂತ ಹೆಸರು. ಆದರೂ ಬೇಳೆ ನಮಗೇನೂ ಅಗ್ಗವಾಗಿ ಸಿಗುವುದಿಲ್ಲ. ಅದಕ್ಕೇ ಒಂದು ಸಲ ಬೇಯಿಸಿದ ಬೇಳೆಯಿಂದ ಮೂರು ಅಡುಗೆ ತೆಗೆಯುತ್ತೇನೆ. ದೊಡ್ಡ ಎರಡು ವಾಟಿ ಬೇಳೆಗೆ ನೀರು ಜಾಸ್ತಿಯೇ ಇಟ್ಟು, ಅರಿಶಿನ ಮತ್ತು ಒಂದು ಹನಿ ಎಣ್ಣೆ ಹಾಕಿ ಬೇಯಿಸುತ್ತೇನೆ. ಮೇಲಿನ ತಿಳಿ ಕಟ್ಟನ್ನು ಬಸಿದು, ಹುಣಸೆ ರಸ, ಖಾರ, ಸ್ವಲ್ಪ ಬೆಲ್ಲ ಹಾಕಿ ಕುದಿಸಿದರೆ ಮಧ್ಯಾಹ್ನದ ಕಟ್ಟಿನ ಸಾರು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗಲೂ ನಮ್ಮ ಸಾರಿಗೆ ಏನೂ ಕೊರತೆ ಆಗಲಿಲ್ಲ, ಹುಣಸೆಹಣ್ಣು ಡಬ್ಬಿಯಲ್ಲಿತ್ತು. ತಳದ ಗಟ್ಟಿ ಬೇಳೆಯಲ್ಲಿ ಅರ್ಧ ರಾತ್ರಿಯ ಬ್ಯಾಳಿ ಪಲ್ಯಕ್ಕೆ, ಇನ್ನರ್ಧ ಮರುದಿನದ ಧಪಾಟಿಗೆ.

ಹಳೆಯ ಬೇಳೆ ಬೇಯುವುದಿಲ್ಲ ಅಂತ ಎಷ್ಟೋ ಜನ ನನ್ನ ಹತ್ತಿರ ಹೇಳಿದ್ದಾರೆ. ಎರಡು ವಿಷಯ ನೋಡಿ. ಬೋರ್‌ವೆಲ್ ನೀರು ಗಡುಸು, ಅದರಲ್ಲಿರುವ ಸುಣ್ಣದ ಅಂಶ ಬೇಳೆ ಮೆತ್ತಗಾಗಲು ಬಿಡುವುದಿಲ್ಲ. ಬೇಳೆಗೆ ಮಾತ್ರ ನಲ್ಲಿ ನೀರು ಅಥವಾ ಕುಡಿಯುವ ನೀರು ಬಳಸಿ, ಅರ್ಧ ಗಂಟೆ ನೆನೆಸಿ. ಇನ್ನೊಂದು, ಹುಳಿ ಯಾವುದೇ ಇರಲಿ, ಬೇಳೆ ಪೂರ್ತಿ ಬೆಂದ ಮೇಲೆಯೇ ಹಾಕಬೇಕು. ಮೊದಲೇ ಹುಳಿ ಬಿದ್ದರೆ ಎಷ್ಟು ಸೀಟಿ ಕೂಗಿಸಿದರೂ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ, ಗ್ಯಾಸ್ ಸುಮ್ನೆ ಖರ್ಚು.

ಬ್ಯಾಳಿ ಪಲ್ಯಕ್ಕೆ ನಾನು ಹಾಕುವುದು ಒಣ ಕಡಲೆ ಸೊಪ್ಪು. ನನ್ನ ಅಡುಗೆಮನೆಯಲ್ಲಿ ನನಗೆ ಅತಿ ಪ್ರೀತಿಯ ವಸ್ತು ಇದು. ಹಿಂಗಾರಿಯಲ್ಲಿ ಕಡಲೆ ಗಿಡ ಗೇಣುದ್ದ ಬಂದಾಗ ಕುಡಿ ಚಿವುಟುತ್ತಾರೆ. ಚಿವುಟಿದರೆ ಗಿಡ ಹೆಚ್ಚು ಟಿಸಿಲೊಡೆದು ಕಾಯಿ ಜಾಸ್ತಿ ಬಿಡುತ್ತದೆ, ಹೊಲದವರಿಗೂ ಲಾಭ. ಆಳಂದ ಕಡೆ ನಮ್ಮ ಅತ್ತೆಯ ಊರಿನಿಂದ ಪ್ರತಿ ಚಳಿಗಾಲ ಒಂದು ಚೀಲ ಕುಡಿ ಬರುತ್ತದೆ. ಅದನ್ನು ತೊಳೆಯುವುದಿಲ್ಲ. ಕಡಲೆ ಎಲೆಯ ಮೇಲೆ ಒಂದು ಹುಳಿ ಇರುತ್ತದೆ, ಚಿವುಟುವಾಗ ಬೆರಳಿಗೆ ಚುರುಚುರು ಅನ್ನುತ್ತದೆ. ತೊಳೆದರೆ ಆ ಹುಳಿಯೇ ಹೋಗುತ್ತದೆ. ಕಸಕಡ್ಡಿ ಆರಿಸಿ, ತೆಳುವಾಗಿ ಹರಡಿ, ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಒಣಗಿಸಿ ಡಬ್ಬಿಗೆ ತುಂಬುತ್ತೇವೆ. ಮಾಡುವಾಗ ಒಂದು ಹಿಡಿ ತೆಗೆದು, ಧೂಳು ಹೋಗುವಂತೆ ಒಮ್ಮೆ ಜಾಲಿಸಿ, ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ಹಿಂಡಬೇಕು. ಬೆಂದ ಬೇಳೆಗೆ ಅದನ್ನು ಸೇರಿಸಿ, ಮೆಣಸಿನ ಖಾರ, ಒಂದು ಚಮಚ ಶೇಂಗಾ ಪುಡಿ ಹಾಕಿ ಕುದಿಸಿ, ಮೇಲೆ ಕುಸುಬೆ ಎಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ. ಹುಣಸೆಹಣ್ಣು ಬೇಡವೇ ಬೇಡ. ಬೇಸಿಗೆಯ ರಾತ್ರಿ ಬಿಸಿ ರೊಟ್ಟಿಯ ಜೊತೆ ಇದನ್ನು ಉಂಡವರು ತರಕಾರಿ ಎಲ್ಲಿ ಅಂತ ಕೇಳುವುದಿಲ್ಲ. ಪುಂಡಿ, ಮೆಂತ್ಯವನ್ನೂ ಹೀಗೆ ಒಣಗಿಸಬಹುದು, ಅವನ್ನು ಮಾತ್ರ ತೊಳೆದೇ ಒಣಗಿಸಬೇಕು.

ಧಪಾಟಿ ಅಂದರೆ ಡಬ್ಬಿ ತಳಗಳ ಅಡುಗೆ. ಜೋಳದ ಹಿಟ್ಟು ಒಂದು ಹಿಡಿ, ಗೋಧಿ ಹಿಟ್ಟು ಒಂದು ಹಿಡಿ, ಕಡಲೆ ಹಿಟ್ಟು ಉಳಿದಷ್ಟು. ನಿನ್ನೆಯ ಗಟ್ಟಿ ಬೇಳೆಯಲ್ಲೇ ಕಲಸಿದರೆ ಬೇರೆ ನೀರೇ ಬೇಡ. ಎಳ್ಳು, ಓಂಕಾಳು, ಬೆಳ್ಳುಳ್ಳಿ, ಖಾರ, ಉಪ್ಪು. ಒದ್ದೆ ಬಟ್ಟೆಯ ಮೇಲೆ ತೆಳ್ಳಗೆ ತಟ್ಟಿ, ನಡುವೆ ಬೆರಳಿನಿಂದ ತೂತು ಮಾಡಿ, ಬಟ್ಟೆ ಸಮೇತ ಎತ್ತಿ ಹಂಚಿಗೆ ಬೋರಲು ಹಾಕಿ ಬಟ್ಟೆ ಬಿಡಿಸಬೇಕು. ತೂತಿಗೆ, ಸುತ್ತ ಅಂಚಿಗೆ ಎಣ್ಣೆ. ಮೊಸರು ಇದ್ದರೆ ಸಾಕು.

ರೇಷನ್ ಅಕ್ಕಿ ನಮ್ಮಂಥ ಜೋಳ ಉಣ್ಣುವ ಮನೆಗಳಲ್ಲಿ ಹೆಚ್ಚಾಗಿ ಉಳಿದುಬಿಡುತ್ತದೆ. ಅದಕ್ಕೆ ಹೆಸರುಬೇಳೆ ಸೇರಿಸಿ ಖಿಚಡಿ ಮಾಡುತ್ತೇನೆ, ಜೊತೆಗೆ ಬಾಳಕದ ಮೆಣಸಿನಕಾಯಿ (ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ್ದು) ಕರಿದರೆ ಮಕ್ಕಳು ಇನ್ನೊಂದು ಸಲ ಹಾಕು ಅನ್ನುತ್ತಾರೆ. ಜೋಳದ ನುಚ್ಚು ಇದ್ದರೆ ರಾತ್ರಿ ನೆನೆಸಿ, ಬೆಳಿಗ್ಗೆ ಮೆತ್ತಗೆ ಬೇಯಿಸಿ ಮಜ್ಜಿಗೆ ಜೊತೆ.

ಉಳಿದ ಕಡಕ್ ರೊಟ್ಟಿಗೆ ಮುಟಗಿ. ರೊಟ್ಟಿ ಮುರಿದು, ಬಿಸಿನೀರು ಚಿಮುಕಿಸಿ ಮೆತ್ತಗೆ ಮಾಡಿ, ಒರಳಿನಲ್ಲಿ ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು ಕುಟ್ಟಿ ಅದರಲ್ಲೇ ರೊಟ್ಟಿ ಹಾಕಿ ಮತ್ತೆ ಕುಟ್ಟಬೇಕು. ಎಣ್ಣೆ ಧಾರಾಳವಾಗಿ ಹಾಕಿ ಉಂಡೆ ಕಟ್ಟಿ ಕೊಡಿ. ಸಂಜೆ ಶಾಲೆಯಿಂದ ಬಂದ ಮಕ್ಕಳು ಬಿಸ್ಕಿಟ್ ಕೇಳುವುದು ನಮ್ಮ ಮನೆಯಲ್ಲಿ ಕಡಿಮೆಯಾದದ್ದೇ ಇದರಿಂದ.

ಹೀಗೆ ನಡೆಸಬೇಕಾದರೆ ತುಂಬಿಸುವಾಗಲೂ ಒಂದು ಲೆಕ್ಕ ಬೇಕು. ಹೊಸ ತೊಗರಿ ಇಲ್ಲಿಯ ಕಾಳುಕಡಿ ಮಾರುಕಟ್ಟೆ ನೆಹರು ಗಂಜ್‌ಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಹೊಸ ಬೇಳೆ ಮಾಡಿಸಿದ ಮೇಲೆ ನಾವು ವರ್ಷದ ಅರ್ಧ ಪಾಲನ್ನು ಒಟ್ಟಿಗೆ ತರುತ್ತೇವೆ. ಎರಡು ದಿನ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ, ಅಂಗೈಗೆ ಔಡಲೆಣ್ಣೆ (ಹರಳೆಣ್ಣೆ) ಸವರಿಕೊಂಡು ಬೇಳೆಗೆ ತಿಕ್ಕಿ, ಒಣ ಬೇವಿನ ಎಲೆ ನಡುನಡುವೆ ಇಟ್ಟು ತುಂಬುತ್ತೇನೆ. ಬಿಸಿ ಆರುವ ಮುಂಚೆ ಮುಚ್ಚಿದರೆ ಒಳಗೆ ಬೆವರಿ ಹುಳ ಬೀಳುತ್ತದೆ. ಜೋಳದ ಹಿಟ್ಟನ್ನು ಮಾತ್ರ ಹದಿನೈದು ದಿನಕ್ಕೆ ಆಗುವಷ್ಟೇ ಬೀಸಿಸುತ್ತೇನೆ.