ಭೂಮಿ ಗುಡುಗಿದ್ರೆ ಏನ್ ಮಾಡ್ಬೇಕು: ನಮ್ ಕಡೆ ಕಲ್ಲುಮನೆಯವ್ರಿಗೆ

2021ರ ಡಿಸೆಂಬರ್ 22ರ ಬೆಳಗ್ಗೆ ಏಳು ಗಂಟೆ ದಾಟಿದ್ಮೇಲೆ ಐದು ನಿಮಿಷದ ಅಂತರದಲ್ಲಿ ಚಿಕ್ಕಬಳ್ಳಾಪುರದ ಕಡೆ ಎರಡು ಸಲ ನೆಲ ನಡುಗ್ತು, ರಿಕ್ಟರ್ ಲೆಕ್ಕದಲ್ಲಿ 2.9 ಮತ್ತೆ 3.0. ಮಂಡಿಕಲ್ಲು, ಭೋಗಪರ್ತಿ ಕಡೆ ಜನ ಪಾತ್ರೆ ಬಿದ್ದ ಸದ್ದಿಗೆ ಹೊರಗೆ ಓಡಿ ಬಂದ್ರು. ಅದಕ್ಕೂ ಮುಂಚೆ ಚಿಂತಾಮಣಿ ತಾಲ್ಲೂಕಿನ ಮಿಟ್ಟಹಳ್ಳಿಲಿ ಭೂಮಿ ಒಳಗಿಂದ ಧಡ್ ಧಡ್ ಅಂತ ಸದ್ದು ಕೇಳಿತ್ತು. ಆ ವರ್ಷ ಕೆರೆ ಎಲ್ಲಾ ಕೋಡಿ ಬಿದ್ದಿತ್ತಲ್ಲ, ಆ ಮಳೆ ನೀರು ಬಂಡೆ ಬಿರುಕಲ್ಲಿ ಕೆಳಕ್ಕೆ ಇಳಿದು ಒಳಗೆ ಒತ್ತಡ ಜಾಸ್ತಿ ಆಗಿ ಬಂಡೆ ಸ್ವಲ್ಪ ಜಾರುತ್ತೆ, ಅದೂ ಹೆಚ್ಚು ಆಳ ಇಲ್ದೆ ನೆಲದ ಹತ್ರಾನೇ ಜಾರೋದ್ರಿಂದ ನಡುಕಕ್ಕಿಂತ ಸದ್ದೇ ಜೋರಾಗಿ ಕೇಳುತ್ತೆ ಅಂತ ವಿಜ್ಞಾನಿಗಳು ವಿವರಣೆ ಕೊಟ್ರು. ಜ್ವಾಲಾಮುಖಿ ಏಳುತ್ತೆ ಅಂತ ವಾಟ್ಸಾಪಲ್ಲಿ ಬಂದ್ರೆ ನಂಬಬೇಡಿ. ನಂದಿಬೆಟ್ಟದ ಕಡೆ ಬಂಡೆ ಸುಮಾರು 250 ಕೋಟಿ ವರ್ಷ ಹಳೇದು, ಇಲ್ಲಿ ಬೆಂಕಿ ಬೆಟ್ಟ ಇಲ್ಲ, ಇಂಡಿಯಾದಲ್ಲಿ ಈಗ ಲಾವಾ ಉಗುಳೋದು ಅಂದ್ರೆ ಅಂಡಮಾನಿನ ಬ್ಯಾರೆನ್ ದ್ವೀಪ ಒಂದೇ.

ಹಾಗಂತ ನಮ್ದು ಭೂಕಂಪದ ಮ್ಯಾಪಲ್ಲಿ ಕಡಿಮೆ ಅಪಾಯದ ಝೋನ್ 2, ಏನೂ ಆಗಲ್ಲ ಅಂತ ಮಲಗೋದೂ ಬೇಡ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರಿನ ಕಿಲ್ಲಾರಿಲಿ ಜನ ಗಣೇಶನ್ನ ಬಿಟ್ಟು ಬಂದು ಮಲಗಿದ್ರು, 3.56ಕ್ಕೆ 6.2ರ ಭೂಕಂಪ ಆಗಿ ಹತ್ತತ್ರ ಹತ್ತು ಸಾವಿರ ಜನ ಹೋದ್ರು. ಆಗಿನ ಮ್ಯಾಪಲ್ಲಿ ಅದು ಎಲ್ಲಕ್ಕಿಂತ ಸೇಫ್ ಅಂತ ಗುರುತು ಹಾಕಿದ್ದ ಜಾಗ. ನಮ್ಮ 3.0ಗೆ ಹೋಲಿಸಿದ್ರೆ ಅದರ ಶಕ್ತಿ 60 ಸಾವಿರ ಪಟ್ಟು ಜಾಸ್ತಿ ನಿಜ, ಆದ್ರೆ ಅಷ್ಟು ಜನ ಸತ್ತಿದ್ದು ಮನೆ ಗೋಡೆ ಮೈಮೇಲೆ ಬಿದ್ದು. ದಪ್ಪ ಕಲ್ಲುಗೋಡೆ, ಮಣ್ಣಿನ ಗಾರೆ, ಮೇಲೆ ಮಣಗಟ್ಟಲೆ ಮಣ್ಣಿನ ಮಾಳಿಗೆ. ಅಂಥ ಮನೆ ನಮ್ಮೂರುಗಳಲ್ಲಿ ಇನ್ನೂ ಎಷ್ಟೋ ಇವೆ, ಒಳಗೆ ಅಜ್ಜ ಅಜ್ಜಿ ಮಲಗಿರ್ತಾರೆ, ಅದಕ್ಕೇ ಇಷ್ಟು ಬರೀತಿರೋದು.

ಮೊದಲು ಸದ್ದು ಯಾವ್ದು ಅಂತ ತಿಳ್ಕೊಳ್ಳಿ. ನಮ್ ಕಡೆ ಕ್ರಷರ್, ಕ್ವಾರಿ ಜಾಸ್ತಿ, ಬ್ಲಾಸ್ಟಿಂಗಿಗೂ ಕಿಟಕಿ ಗಾಜು ಅದುರುತ್ತೆ. ಶಿವಮೊಗ್ಗದ ಹುಣಸೋಡಿನಲ್ಲಿ 2021ರ ಜನವರಿಲಿ ಸ್ಫೋಟ ಆದಾಗ ಜನ ಭೂಕಂಪ ಅಂತಲೇ ಬೀದಿಗೆ ಬಂದಿದ್ರು. ಸದ್ದಾದ ಟೈಮು ಬರೆದಿಟ್ಕೊಂಡು ಮೊಬೈಲಲ್ಲಿ ಸರ್ಕಾರದ ಭೂಕಂಪ್ ಆ್ಯಪ್ ನೋಡಿ. ತೀರಾ ಚಿಕ್ಕದು ಅದರಲ್ಲಿ ಬರದೇ ಇರಬಹುದು, ಮತ್ತೆ ಮತ್ತೆ ಆಗ್ತಿದ್ರೆ ಪಂಚಾಯ್ತಿ, ತಹಸೀಲ್ದಾರ್ ಆಫೀಸಿಗೆ ಬರೆದು ಕೊಡಿ, ಆಗ ಅಳೆಯೋ ಮಷೀನ್ ತಂದು ಇಡಿ ಅಂತ ಕೇಳೋಕೆ ನಿಮ್ಮ ಟೈಮ್ ಲೆಕ್ಕವೇ ಆಧಾರ.

ನಡುಗೋ ಹೊತ್ತಲ್ಲಿ: ಮಣ್ಣುಗಾರೆ ಕಲ್ಲುಮನೆ ಅಥವಾ ಚಪ್ಪಡಿ ಮನೇಲಿದ್ದು ಬಾಗಿಲು ನಾಲ್ಕು ಹೆಜ್ಜೆಲಿ ಇದ್ರೆ ತಲೆಗೆ ಕೈ ಅಡ್ಡ ಇಟ್ಕೊಂಡು ಬಯಲಿಗೆ ಹೋಗಿಬಿಡಿ, ಗೋಡೆ ಪಕ್ಕ, ಕರೆಂಟ್ ಕಂಬದ ಕೆಳಗೆ, ಶೀಟ್ ಹಾರಬಾರ್ದು ಅಂತ ಮೇಲೆ ಕಲ್ಲು ಹೇರಿರ್ತಾರಲ್ಲ ಅಂಥ ಸೂರಿನ ಅಂಚಲ್ಲಿ ನಿಲ್ಲಬೇಡಿ. ಬಾಗಿಲು ದೂರ ಇದ್ರೆ, ಇಲ್ಲಾ ಪಿಲ್ಲರ್ ಹಾಕಿ ಕಟ್ಟಿರೋ ಆರ್‌ಸಿಸಿ ಮನೆ ಮಹಡಿ ಮೇಲಿದ್ರೆ ಓಡಬೇಡಿ, ಗಟ್ಟಿ ಟೇಬಲ್ ಕೆಳಗೆ ಕೂತು ಅದರ ಕಾಲು ಹಿಡ್ಕೊಳ್ಳಿ, ಟೇಬಲ್ ಇಲ್ದಿದ್ರೆ ಕಿಟಕಿ, ಬೀರು, ಟಿವಿಯಿಂದ ದೂರ ಮುದುಡಿ ಕೂತು ತಲೆ ಕುತ್ತಿಗೆ ಮುಚ್ಕೊಳ್ಳಿ. ನಡುಗ್ತಿರುವಾಗ ಮೆಟ್ಟಿಲು, ಲಿಫ್ಟ್ ಎರಡೂ ಬೇಡ. ರಾತ್ರಿ ಮಂಚದ ಪಕ್ಕ ಟಾರ್ಚು, ಚಪ್ಪಲಿ ಇರಲಿ, ಒಡೆದ ಗಾಜಿನ ಮೇಲೆ ಕಾಲಿಟ್ರೆ ಆಮೇಲೆ ಯಾರನ್ನೂ ಎತ್ಕೊಂಡು ಬರೋಕಾಗಲ್ಲ.

ಈಗ ಮನೆ ನೋಡೋದು, ಇದೇ ದೊಡ್ಡ ಕೆಲಸ, ಒಂದು ಭಾನುವಾರ ಮೇಸ್ತ್ರಿನ ಕರ್ಕೊಂಡು ಬನ್ನಿ. ಗೋಡೆ ಮೇಲಿಂದ ತೂಕದ ಗುಂಡು ಬಿಟ್ಟು ದಾರಕ್ಕೂ ಗೋಡೆಗೂ ಎಷ್ಟು ಸಂದಿದೆ ಅಂತ ಮೇಲೆ, ಮಧ್ಯೆ, ಕೆಳಗೆ ನೋಡಿ. ಮಧ್ಯೆ ಹೊಟ್ಟೆ ಬಂದಿದ್ರೆ ಗೋಡೆಯ ಒಳ ಸಾಲು, ಹೊರ ಸಾಲು ಬೇರೆ ಆಗ್ತಿದೆ ಅಂತ ಅರ್ಥ. ಹಳೇ ಗೋಡೆಗಳಲ್ಲಿ ಎರಡು ಸಾಲು ಕಲ್ಲು ಕಟ್ಟಿ ಮಧ್ಯೆ ಜಲ್ಲಿ ಮಣ್ಣು ತುಂಬಿರ್ತಾರೆ, ಎರಡನ್ನೂ ಹಿಡಿದಿಡೋ ಆಚೆ ಈಚೆ ಪೂರ್ತಿ ಹಾಯೋ ಉದ್ದ ಕಲ್ಲು ಇರಲ್ಲ, ನಡುಕ ಬಂದಾಗ ಹೊರ ಸಾಲು ಹೊರಕ್ಕೆ, ಒಳ ಸಾಲು ಮಲಗಿದ್ದವ್ರ ಮೇಲಕ್ಕೆ. ಹೊಸದಾಗಿ ಕಟ್ಟೋರು ಎತ್ತರದಲ್ಲಿ ಪ್ರತಿ ಎರಡು ಅಡಿಗೆ, ಉದ್ದದಲ್ಲಿ ನಾಲ್ಕು ಅಡಿಗೊಂದು ಅಂಥ ಕಲ್ಲು ಹಾಕಿಸಲೇಬೇಕು. ಹಳೇ ಗೋಡೆಗಾದ್ರೆ ಅಲ್ಲಲ್ಲಿ ಒಂದೊಂದು ಕಲ್ಲು ನಿಧಾನಕ್ಕೆ ಬಿಡಿಸಿ ತೆಗೆದು, ಆ ತೂತಲ್ಲಿ ಎರಡೂ ತುದಿ ಬಗ್ಗಿಸಿದ ಕಂಬಿ ಇಟ್ಟು ಕಾಂಕ್ರೀಟ್ ತುಂಬಬಹುದು, ಸುತ್ತಿಗೇಲಿ ಹೊಡೆದು ಮಾತ್ರ ತೆಗೀಬೇಡಿ. ಹಾಗೇ ಕಿಟಕಿ ಬಾಗಿಲ ಮೇಲಿನ ಲಿಂಟಲ್ ತುಂಡು ತುಂಡಾಗಿ ಬೇಡ, ಮನೆ ಸುತ್ತ ಒಂದೇ ಬೆಲ್ಟ್ ಆಗಿ, ಮೂಲೇಲೂ ಕಂಬಿ ಕಟ್ ಆಗದಂಗೆ ಹೋಗ್ಬೇಕು. ದುಡ್ಡು ಉಳಿಸೋಕೆ ಅಂತ ಇದನ್ನ ಬಿಡೋರು ನೆಲಕ್ಕೆ ಟೈಲ್ಸ್ ಮಾತ್ರ ಬಿಡಲ್ಲ, ನನಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಚಪ್ಪಡಿ ಸೂರಾದ್ರೆ ಕಲ್ಲು ಗೋಡೆ ಮೇಲೆ ಎಷ್ಟು ಇಂಚು ಕೂತಿದೆ ನೋಡಿ, ಅಂಚಲ್ಲೇ ನಿಂತಿದ್ರೆ ಗೋಡೆ ಸ್ವಲ್ಪ ಸರಿದ್ರೂ ಕಲ್ಲು ಕೆಳಗೆ. ಮಾಳಿಗೆ ಮನೆಯವ್ರು ಸೋರುತ್ತೆ ಅಂತ ವರ್ಷ ವರ್ಷ ಮೇಲೆ ಮಣ್ಣು ಹಾಕ್ತಾನೇ ಇರ್ತೀರಿ, ಹೊಸದು ಹಾಕೋ ಮುಂಚೆ ಹಳೇದು ಕೆರೆದು ತೆಗೀರಿ, ತೂಕ ಇಳಿದಷ್ಟೂ ಒಳ್ಳೇದು.

ನಡುಕ ನಿಂತ ಮೇಲೆ ಗ್ಯಾಸ್ ರೆಗ್ಯುಲೇಟರ್, ಮೇನ್ ಸ್ವಿಚ್ ಆಫ್ ಮಾಡಿ ಹೊರಗೆ ಬನ್ನಿ, ಮತ್ತೆ ಮತ್ತೆ ಬರಬಹುದು. ಏಟಾಗಿದ್ರೆ 112. ಕೂದಲೆಳೆ ಬಿರುಕು ಬರೀ ಪ್ಲಾಸ್ಟರಿಂದು ಇರಬಹುದು, ಕಿಟಕಿ ಮೂಲೆಯಿಂದ ಓರೆಯಾಗಿ ಹೋಗಿ ಗೋಡೆ ಆಚೆ ಕಡೆಗೂ ಕಂಡ್ರೆ ಆ ರೂಮಲ್ಲಿ ಮಲಗಬೇಡಿ. ಡೌಟ್ ಇದ್ರೆ ಬಿರುಕಿನ ತುದೀಲಿ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೀರಿ, ಅಡ್ಡಕ್ಕೆ ಸಿಮೆಂಟ್ ಚೂರು ಮೆತ್ತಿ, ಕೆಲವು ದಿನ ಬಿಟ್ಟು ಅದೂ ಸೀಳಿದ್ರೆ ಗೋಡೆ ಇನ್ನೂ ಸರೀತಿದೆ, ಇಂಜಿನಿಯರ್‌ಗೆ ತೋರಿಸಿ.

ಸುನಾಮಿ ನಮ್ಮೂರಿಗೆ ಬರಲ್ಲ, ನಾವೇ ಸಮುದ್ರದ ಹತ್ರ ಹೋಗ್ತೀವಿ. ಕೆಜಿಎಫ್‌ನಿಂದ ತಮಿಳುನಾಡಿನ ಕಡಲ ದಡದ ವೇಳಾಂಕಣ್ಣಿ ಚರ್ಚಿಗೆ ಹೋಗೋರು ಎಷ್ಟು ಜನ! 2004ರ ಡಿಸೆಂಬರ್ 26ಕ್ಕೆ ಸುಮಾತ್ರಾ ಹತ್ರ 9.1ರ ಭೂಕಂಪ ಆಗಿ ಎರಡು ಗಂಟೆ ಚಿಲ್ಲರೆ ಆದ್ಮೇಲೆ ತಮಿಳುನಾಡಿಗೆ ಅಲೆ ಬಂತು, ಕ್ರಿಸ್‌ಮಸ್ ಮಾರನೇ ದಿನ ಅಲ್ಲಿದ್ದ ಯಾತ್ರಿಕರು ನೂರಾರು ಜನ ಕೊಚ್ಚಿ ಹೋದ್ರು. ದಡದಲ್ಲಿದ್ದಾಗ ನೆಲ ಜೋರಾಗಿ ನಡುಗಿದ್ರೆ, ಇಲ್ಲಾ ನೀರು ಇದ್ದಕ್ಕಿದ್ದಂಗೆ ಹಿಂದಕ್ಕೆ ಹೋಗಿ ಮೀನು ಮರಳಲ್ಲಿ ಒದ್ದಾಡ್ತಿದ್ರೆ ಫೋಟೋಗೆ ನಿಲ್ಲದೆ ಎತ್ತರದ ಜಾಗಕ್ಕೆ, ಅದಿಲ್ದಿದ್ರೆ ಗಟ್ಟಿ ಆರ್‌ಸಿಸಿ ಬಿಲ್ಡಿಂಗಿನ ಮೇಲಿನ ಮಹಡಿಗೆ ಓಡಿ. ಮೊದಲ ಅಲೆ ಇಳೀತು ಅಂತ ಚಪ್ಪಲಿ, ಬ್ಯಾಗು ತರೋಕೆ ವಾಪಸ್ ಹೋಗಬೇಡಿ, ಎಷ್ಟೋ ಸಲ ಎರಡನೇದು ಮೂರನೇದೇ ದೊಡ್ಡದು, ಅಧಿಕಾರಿಗಳು ಹೇಳೋವರೆಗೂ ಮೇಲೇ ಇರಿ.