ಕಸ್ಟಡಿ ಅರ್ಜಿಗೆ ಮೊದಲು ಮಗುವಿನ ಒಂದು ವಾರವನ್ನು ಬರೆದಿಡಿ

ಅಕ್ಕನ ಕೇಸಿಗಾಗಿ ನಾನು ಬೆಂಗಳೂರಿನ ನ್ಯಾಯದೇಗುಲಕ್ಕೆ, ಅಂದರೆ ಫ್ಯಾಮಿಲಿ ಕೋರ್ಟಿಗೆ, ತುಂಬಾ ಸಲ ಓಡಾಡಿದ್ದೇನೆ. ಮೊದಲ ಅರ್ಜಿಯಲ್ಲಿ ನಾವು ಭಾವನ ಮೇಲಿನ ದೂರನ್ನೇ ಹನ್ನೆರಡು ಪುಟ ಬರೆಸಿದ್ದೆವು. ಮಗಳ ಬಗ್ಗೆ ಇದ್ದದ್ದು ಒಂದೇ ಪ್ಯಾರಾ. ಜಡ್ಜ್ ಮೊದಲು ಕೇಳಿದ್ದು ಮಾತ್ರ, ಮಗು ಯಾವ ಶಾಲೆಗೆ ಹೋಗುತ್ತೆ, ಯಾರು ಕರ್ಕೊಂಡು ಬರ್ತಾರೆ ಅಂತ.

ಕೋರ್ಟು ನೋಡುವುದು ಇದನ್ನೇ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂತ 6ನೇ ಸೆಕ್ಷನ್ ಹೇಳುತ್ತದೆ. 'ಸಾಮಾನ್ಯವಾಗಿ' ಅನ್ನುವ ಪದ ಗಮನಿಸಿ. ತಾಯಿಗೆ ಅದು ಗ್ಯಾರಂಟಿ ಅಲ್ಲ, ಹಾಗಂತ ಐದು ತುಂಬಿದ ದಿನವೇ ಮಗು ಅಪ್ಪನ ಮನೆಗೆ ಹೋಗಬೇಕು ಅಂತಲೂ ಅಲ್ಲ. ಯಾರ ಸಂಬಳ ಜಾಸ್ತಿ ಅನ್ನುವುದೊಂದರಿಂದಲೇ ತೀರ್ಮಾನ ಆಗುವುದಿಲ್ಲ.

ಹಾಗಾಗಿ ವಕೀಲರ ಹತ್ತಿರ ಹೋಗುವ ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಸೋಮವಾರದಿಂದ ಭಾನುವಾರದ ತನಕ ಮಗುವಿನ ದಿನ ಹೇಗೆ ನಡೆಯುತ್ತದೆ ಅಂತ ಬರೆಯಿರಿ: ಎಬ್ಬಿಸುವವರು ಯಾರು, ಡಬ್ಬಿ ಕಟ್ಟುವವರು ಯಾರು, ಜ್ವರ ಬಂದರೆ ರಜೆ ಹಾಕುವವರು ಯಾರು, ಸಂಜೆ ನೀವು ಆಫೀಸಿನಿಂದ ಬರುವ ತನಕ ಅಜ್ಜಿ ಇರ್ತಾರಾ ಅಥವಾ ಪಕ್ಕದ ಮನೆಯವರಾ. ಇನ್ನೊಬ್ಬರು ಮಾಡಿದ ಕೆಲಸವನ್ನೂ ಬಿಡದೆ ಬರೆಯಿರಿ. ಸುಳ್ಳು ಹೇಳಿದರೆ ಎದುರು ವಕೀಲರ ಪಾಟೀಸವಾಲಿನಲ್ಲಿ ಹೊರಗೆ ಬಂದೇ ಬರುತ್ತದೆ. ಶಾಲೆಯ ಫೀಸ್ ರಸೀದಿ, ಲಸಿಕೆ ಕಾರ್ಡ್, ಡಾಕ್ಟರ ಚೀಟಿ ಎಲ್ಲ ಒಂದೇ ಫೈಲಿನಲ್ಲಿರಲಿ.

ಅರ್ಜಿ ಎಲ್ಲಿ ಹಾಕುವುದು? 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲಾದರೆ ಮಗು ಸಾಮಾನ್ಯವಾಗಿ ವಾಸ ಮಾಡುವ ಊರಿನ ಕೋರ್ಟಿನಲ್ಲಿ. ಈ ಕಾಯ್ದೆ ಎಲ್ಲ ಧರ್ಮದವರಿಗೂ ಇದೆ. ಹಿಂದೂ ವಿವಾಹ ಕಾಯ್ದೆಯಡಿ ಡೈವೋರ್ಸ್ ಕೇಸ್ ಆಗಲೇ ನಡೀತಿದ್ದರೆ, 26ನೇ ಸೆಕ್ಷನ್ ಪ್ರಕಾರ ಅಲ್ಲೇ ಕೇಳಬಹುದು. ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿ.

ಕೊನೆಯ ತೀರ್ಪಿಗೆ ಕಾಯಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ವಾಯಿದೆ ಮೇಲೆ ವಾಯಿದೆ ಬೀಳುತ್ತಾ ವರ್ಷಗಳೇ ಹೋಗಬಹುದು, ಅಷ್ಟರಲ್ಲಿ ಮಗು ಒಬ್ಬರ ಮುಖವನ್ನೇ ಮರೆತಿರುತ್ತದೆ. ಶುರುವಿನಲ್ಲೇ ಮಧ್ಯಂತರ ಅರ್ಜಿ ಹಾಕಿ, ಅಂದರೆ ಕೇಸ್ ಮುಗಿಯುವ ತನಕದ ಮಟ್ಟಿಗೆ ಕಸ್ಟಡಿಯನ್ನೋ ಭೇಟಿಯನ್ನೋ ಕೇಳಿ. ಮಗು ನಿಮ್ಮ ಹತ್ತಿರವೇ ಇದ್ದರೆ, ಇನ್ನೊಬ್ಬರ ಭೇಟಿಗೆ ನೀವೇ ಒಂದು ಪಟ್ಟಿ ಕೊಡಿ. ಕೇಳುವಾಗ ಗಂಟೆ ಸಮೇತ ಕೇಳಿ. ನಮ್ಮ ಮೊದಲ ಆದೇಶದಲ್ಲಿ 'ಪ್ರತಿ ಶನಿವಾರ' ಅಂತಷ್ಟೇ ಇತ್ತು, ಎಷ್ಟು ಹೊತ್ತಿಗೆ ಅಂತ ಇರಲಿಲ್ಲ. ಗೇಟಿನ ಹತ್ತಿರ ಮಗುವಿನ ಮುಂದೆಯೇ ಜಗಳ ಆಯಿತು. ಆಮೇಲೆ ಬೆಳಿಗ್ಗೆ 10ರಿಂದ ಸಂಜೆ 6, ಬಿಡುವವರು ಯಾರು, ಕರ್ಕೊಂಡು ಬರುವವರು ಯಾರು ಅಂತ ಬರೆಸಿಕೊಂಡೆವು. ದಸರಾ ರಜೆ, ಬೇಸಿಗೆ ರಜೆ, ಹುಟ್ಟುಹಬ್ಬ, ವಿಡಿಯೋ ಕಾಲ್ ಎಲ್ಲವನ್ನೂ ಹೀಗೇ ಸೇರಿಸಿ. ದೂರದಲ್ಲಿರುವ ತಂದೆ ತಾಯಿಗೆ ವಿಡಿಯೋ ಕಾಲ್ ಸಿಗಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಇಬ್ಬರೂ ಹತ್ತಿರ ಹತ್ತಿರ ಇದ್ದರೆ ಜಂಟಿ ಕಸ್ಟಡಿಯನ್ನೂ ಯೋಚಿಸಿ: 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಹುಡುಗನನ್ನು ಜನವರಿಯಿಂದ ಜೂನ್ ತಂದೆಯ ಹತ್ತಿರ, ಜುಲೈಯಿಂದ ಡಿಸೆಂಬರ್ ತಾಯಿಯ ಹತ್ತಿರ ಇರಿಸಿತ್ತು.

ಒಬ್ಬರು ಅಮೆರಿಕಾದಲ್ಲೋ ದುಬೈಯಲ್ಲೋ ಇದ್ದರೆ ಪಾಸ್‌ಪೋರ್ಟ್ ಯಾರ ಹತ್ತಿರ ಇರಬೇಕು, ಕೋರ್ಟ್ ಅನುಮತಿ ಇಲ್ಲದೆ ಮಗುವನ್ನು ದೇಶದಿಂದ ಹೊರಗೆ ಕರೆದೊಯ್ಯಬಹುದಾ ಅನ್ನುವುದೂ ಆದೇಶದಲ್ಲಿ ಇರಲಿ. ಮಕ್ಕಳನ್ನು ಬೇರೆ ದೇಶಕ್ಕೆ ಎತ್ತಿಕೊಂಡು ಹೋಗುವುದರ ಬಗ್ಗೆ ಇರುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹಾಗಾಗಿ ವಾಪಸ್ ಕರೆಸುವುದು ಬಹಳ ಕಷ್ಟ.

ಮಗು ಸ್ವಲ್ಪ ದೊಡ್ಡದಾಗಿದ್ದರೆ ಜಡ್ಜ್ ಛೇಂಬರಿಗೆ ಕರೆದು ಮಾತಾಡಿಸಬಹುದು. ದಯವಿಟ್ಟು ಹೇಳಿಕೊಟ್ಟು ಕಳಿಸಬೇಡಿ. ಏಳು ವರ್ಷದ ಮಗು ವಕೀಲರ ಭಾಷೆಯಲ್ಲಿ ಮಾತಾಡಿದರೆ ಯಾರಿಗಾದರೂ ಗೊತ್ತಾಗುತ್ತೆ ಅಲ್ವಾ? ಅದಕ್ಕಿಂತ ಹೆಚ್ಚಾಗಿ, ಅಪ್ಪ ಅಮ್ಮನಲ್ಲಿ ಒಬ್ಬರನ್ನು ಬೇಡ ಅನ್ನುವ ಭಾರವನ್ನು ಅದರ ತಲೆ ಮೇಲೆ ಹಾಕಬಾರದು. ಹಾಗೆಯೇ, ಜೀವನಾಂಶ ಬಂದಿಲ್ಲ ಅಂತ ಭೇಟಿ ನಿಲ್ಲಿಸಬೇಡಿ. ದುಡ್ಡಿಗೆ ಬೇರೆ ಅರ್ಜಿ ಹಾಕಿ.

ಮೀಡಿಯೇಷನ್‌ನಲ್ಲಿ ಒಪ್ಪಂದ ಆದರೆ ಅದನ್ನು ಕೋರ್ಟಿನ ಆದೇಶದೊಳಗೆ ಸೇರಿಸಿಕೊಳ್ಳಿ, ಬಾಯಿಮಾತು ಸಾಲದು. ಊರು ಬದಲಾದರೆ, ಶಾಲೆ ಬದಲಾದರೆ ಆದೇಶವನ್ನೂ ಬದಲಾಯಿಸಿ ಅಂತ ಮತ್ತೆ ಕೇಳಬಹುದು. ಕೊನೆಯ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗುವುದಾದರೆ 30 ದಿನದೊಳಗೆ ಹೋಗಬೇಕು. ಆದೇಶದ ದೃಢೀಕೃತ ಪ್ರತಿ ಸಿಕ್ಕಿದ ಕೂಡಲೇ ಒಂದು ಜೆರಾಕ್ಸ್ ಶಾಲೆಗೂ ಕೊಡಿ, ಶುಕ್ರವಾರ ಸಂಜೆ ಮಗುವನ್ನು ಯಾರ ಜೊತೆ ಕಳಿಸಬೇಕು ಅಂತ ಕ್ಲಾಸ್ ಟೀಚರಿಗೆ ಗೊತ್ತಿರಲಿ.