ಮಡಿಕೇರಿಯಲ್ಲೇ ಕೊರೊನಾದ ಜೆಎನ್.1 ತಳಿ ಓದಿದ್ದು: ನನ್ನ ಅನುಭವ

ಜಿಲ್ಲಾ ಮಟ್ಟದ ಪ್ರಯೋಗಾಲಯದಲ್ಲಿ ಕೊರೊನಾ ವೈರಸ್ಸಿನ ಪೂರ್ಣ ಜೀನೋಮ್ (ಅದರ ಇಡೀ ಆನುವಂಶಿಕ ಬರಹ) ಓದಲು ಹೊರಡುವುದು ದುಡ್ಡು ದಂಡ ಎಂದು ಹೇಳಿದವರಲ್ಲಿ ನನ್ನ ಗುರುಗಳೂ ಇದ್ದರು, ಬೆಂಗಳೂರಿನಲ್ಲಿ ದೊಡ್ಡ ಯಂತ್ರಗಳ ಮೇಲೆ ಕೆಲಸ ಮಾಡುವ ಸ್ನೇಹಿತರೂ ಇದ್ದರು. ಒಮ್ಮೆಗೆ ನೂರಾರು ಮಾದರಿ ಓಡಿಸುವವರಿಗೆ ತಲಾ ಖರ್ಚು ನಮ್ಮದಕ್ಕಿಂತ ಎಷ್ಟೋ ಕಡಿಮೆ ಬೀಳುತ್ತದೆ, ನಿಜ. ಆದರೆ 2021ರ ಡೆಲ್ಟಾ ಅಲೆಯಲ್ಲಿ ನಾವು ಕಳುಹಿಸಿದ ಮಾದರಿಗಳ ವರದಿ ಮರಳುವಷ್ಟರಲ್ಲಿ ರೋಗಿಗಳು ಗುಣವಾಗಿ ತೋಟದ ಕೆಲಸಕ್ಕೆ ಮರಳಿದ್ದರು. ಬೆರಳೆಣಿಕೆಯ ಮಾದರಿಗಳನ್ನು ಎರಡು ದಿನದಲ್ಲಿ ಓದಲು ಅಂಗೈಯಗಲದ ಮಿನ್‌ಅಯಾನ್ ಯಂತ್ರ ಸಾಕು ಎಂಬ ಹಟ ನನ್ನದಾಗಿತ್ತು.

ಹೆಚ್ಚುಕಡಿಮೆ ಒಂದು ಲಕ್ಷ ರೂಪಾಯಿ ಕೊಟ್ಟು ತರಿಸಿದ ಮೊದಲ ಫ್ಲೋಸೆಲ್ (ಯಂತ್ರದೊಳಗಿಡುವ, ಡಿಎನ್‌ಎ ಹಾದುಹೋಗುವ ಸೂಕ್ಷ್ಮ ರಂಧ್ರಗಳ ಬಿಲ್ಲೆ) ಸತ್ತೇ ಬಂತು. 2ರಿಂದ 8 ಡಿಗ್ರಿಯಲ್ಲಿಡಬೇಕಾದ ವಸ್ತುವನ್ನು ಸರಬರಾಜುದಾರರು ಕಿಣ್ವಗಳ ಜೊತೆ ಒಣ ಮಂಜುಗಡ್ಡೆಯಲ್ಲಿ ಹುದುಗಿಸಿ ಕಳುಹಿಸಿದ್ದರು; ಕನಿಷ್ಠ 800 ರಂಧ್ರಗಳಿರಬೇಕಾದಲ್ಲಿ ತಪಾಸಣೆಯಲ್ಲಿ ಕಂಡದ್ದು ನೂರರ ಆಸುಪಾಸು. ಬದಲಿ ಪಡೆಯುವಷ್ಟರಲ್ಲಿ ಒಂದು ಮಳೆಗಾಲವೇ ಕಳೆಯಿತು. ಆ ಮಳೆಗಾಲದ ಪಾಡು ಬೇರೆಯೇ. ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದರೆ ಇಲ್ಲಿ ಕರೆಂಟು ಯಾವಾಗ ಬರುತ್ತದೆಂದು ಯಾರೂ ಹೇಳರು. ಯಂತ್ರಕ್ಕೆ ಬೇಕಾದ ವಿದ್ಯುತ್ ಅತ್ಯಲ್ಪ, ಯುಪಿಎಸ್ಸನ್ನು ಬರಿದು ಮಾಡುವುದು ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡು. ಆದ್ದರಿಂದ ಓಟದ ಹೊತ್ತಿನಲ್ಲಿ ವೇಗದ ಬೇಸ್‌ಕಾಲಿಂಗ್ (ಯಂತ್ರದ ಸಂಕೇತವನ್ನು ಡಿಎನ್‌ಎ ಅಕ್ಷರಗಳಾಗಿಸುವುದು) ಮಾತ್ರ ಇಟ್ಟುಕೊಂಡು, ನಿಖರವಾದದ್ದನ್ನು ಕರೆಂಟು ಸ್ಥಿರವಾದ ಮೇಲೆ ಉಳಿಸಿಟ್ಟ ಕಚ್ಚಾ ಸಂಕೇತದಿಂದ ಮತ್ತೆ ಮಾಡಿದೆವು.

ಅಭ್ಯಾಸಕ್ಕೆ ಫ್ರೀಜರಿನಲ್ಲಿದ್ದ ಡೆಲ್ಟಾ ಮಾದರಿಗಳನ್ನೂ ಆರ್ಟಿಕ್‌ನ ಮೂರನೆಯ ಆವೃತ್ತಿಯ 98 ಜೋಡಿ ಪ್ರೈಮರುಗಳನ್ನೂ ಬಳಸಿದ್ದೆವು; ಒಂದೊಂದು ಜೋಡಿ ಜೀನೋಮಿನ ಒಂದೊಂದು ತುಣುಕನ್ನು ನಕಲು ಮಾಡುತ್ತದೆ. 72ನೆಯ ತುಣುಕು ಪದೇ ಪದೇ ಕೈಕೊಟ್ಟಿತು. ಸ್ಪೈಕ್ ಪ್ರೋಟೀನಿನ ಜಿ142ಡಿ ಮ್ಯುಟೇಶನ್ನಿನ ಜಾಗವೇ ಅದು. ಹಾಗಾಗಿ ಇದ್ದ ಮ್ಯುಟೇಶನ್ ಇಲ್ಲವೆಂಬಂತೆ ತೋರುತ್ತಿತ್ತು. ಬಳಿಕ 1200 ಬೇಸ್‌ಗಳ (ಅಕ್ಷರಗಳ) ಉದ್ದ ತುಣುಕುಗಳಿಗೂ ರ‍್ಯಾಪಿಡ್ ಬಾರ್‌ಕೋಡಿಂಗ್‌ಗೂ ಹೊರಳಿದೆವು; ಬಾರ್‌ಕೋಡ್ ಎಂದರೆ ಹಲವು ಮಾದರಿಗಳನ್ನು ಒಟ್ಟಿಗೆ ಓಡಿಸಿದರೂ ಯಾವುದು ಯಾರದೆಂದು ತಿಳಿಸುವ ಗುರುತಿನ ಡಿಎನ್‌ಎ ಚೂರು. ಕೆಲಸ ಅರ್ಧಕ್ಕಿಳಿಯಿತು, ಆದರೆ ದೂರದಿಂದ ಐಸ್ ಕರಗಿ ಬಂದ ಮಾದರಿಗಳಲ್ಲಿ ಆರ್‌ಎನ್‌ಎ ಚೂರಾಗಿ ಉದ್ದ ತುಣುಕು ಹುಟ್ಟುತ್ತಲೇ ಇರಲಿಲ್ಲ. ಪಿಸಿಆರ್‌ನ ಸಿಟಿ ಮೌಲ್ಯ (ಹೆಚ್ಚಿದಷ್ಟೂ ವೈರಸ್ ಕಡಿಮೆ) 27 ದಾಟಿದ್ದನ್ನು ಈಗ ಮುಟ್ಟುವುದಿಲ್ಲ. ಸ್ಪೈಕ್ ಭಾಗದ ಎರಡು ಬಡಕಲು ತುಣುಕುಗಳನ್ನು ಮೇಲೆತ್ತಲು ಪ್ರೈಮರುಗಳ ಪ್ರಮಾಣ ಬದಲಿಸಿದ್ದೇವೆ. ಆ ಅನುಪಾತ ಮಾತ್ರ ಸದ್ಯಕ್ಕೆ ನಮ್ಮಲ್ಲೇ ಇರಲಿ.

ಖರ್ಚು ಇಳಿದದ್ದು ಫ್ಲೋಸೆಲ್ಲನ್ನು ತೊಳೆದು ಮೂರು ಸಲ ಓಡಿಸಿದ್ದರಿಂದ. ತೊಳೆದರೂ ಹಿಂದಿನ ಡಿಎನ್‌ಎ ಸ್ವಲ್ಪ ಉಳಿಯುತ್ತದೆ, ಆದ್ದರಿಂದ 24 ಬಾರ್‌ಕೋಡ್‌ಗಳನ್ನು ಎಂಟೆಂಟರಂತೆ ಹಂಚಿ, ಒಂದು ಓಟದಲ್ಲಿ ಬಳಸಿದ್ದನ್ನು ಅದೇ ಸೆಲ್ಲಿನ ಮುಂದಿನ ಓಟದಲ್ಲಿ ಬಳಸಲಿಲ್ಲ. ತುಂಬುವಾಗ ಮೊದಲು ಪಿಪೆಟ್ಟಿನ ಗುಂಡಿಯನ್ನು ನಿಧಾನವಾಗಿ ತಿರುಗಿಸಿ 20–30 ಮೈಕ್ರೋಲೀಟರ್ ದ್ರವ ಹಿಂದಕ್ಕೆಳೆದು ಗುಳ್ಳೆ ತೆಗೆಯಬೇಕು. ಒಂದು ಗುಳ್ಳೆ ಒಳಹೊಕ್ಕರೆ ರಂಧ್ರಗಳು ಸಾಲಾಗಿ ಸಾಯುವುದನ್ನು ಪರದೆಯ ಮೇಲೇ ನೋಡಬಹುದು. ಎಲ್ಲ ಸೇರಿ ಮಾದರಿಯೊಂದಕ್ಕೆ ಆರು ಸಾವಿರ ರೂಪಾಯಿಗಿಂತ ತುಸು ಹೆಚ್ಚು ಬಿದ್ದಿರಬಹುದು.

2023ರ ಡಿಸೆಂಬರಿನಲ್ಲಿ ಕೇರಳದಲ್ಲಿ ಜೆಎನ್.1 ಸಿಕ್ಕ ಸುದ್ದಿ ಬಂತು. ಮಾಕುಟ್ಟ, ಕುಟ್ಟದ ಗಡಿ ನಮ್ಮ ಜಿಲ್ಲೆಯದೇ, ಮೇಲಾಗಿ ಕಾಫಿ ಕೊಯ್ಲಿನ ಕಾಲವಾದ್ದರಿಂದ ಕಾರ್ಮಿಕರ ಲೈನ್‌ಮನೆಗಳು ತುಂಬಿದ್ದವು. ಪಾಸಿಟಿವ್ ಬಂದದ್ದನ್ನೆಲ್ಲ ಓದಲು ದುಡ್ಡಿರಲಿಲ್ಲ. ಆಗ ನೆರವಾದದ್ದು ಆರ್‌ಟಿ-ಪಿಸಿಆರ್‌ನ ಎಸ್ ಜೀನ್, ಅಂದರೆ ಸ್ಪೈಕ್ ಪ್ರೋಟೀನಿನ ಜೀನ್. ಸ್ಪೈಕ್‌ನ 69–70ನೆಯ ಸ್ಥಾನಗಳು ಅಳಿದಿರುವ ತಳಿಗಳಲ್ಲಿ ಕೆಲವು ಕಿಟ್‌ಗಳ ಎಸ್ ರೇಖೆ ಏಳುವುದೇ ಇಲ್ಲ. ಅದುವರೆಗೆ ಓಡಾಡುತ್ತಿದ್ದ ಎಕ್ಸ್‌ಬಿಬಿ ಬಳಗದಲ್ಲಿ ಆ ಲೋಪವಿಲ್ಲ, ಬಿಎ.2.86ರಲ್ಲಿಯೂ ಅದರ ಕುಡಿಯಾದ ಜೆಎನ್.1ರಲ್ಲಿಯೂ ಇದೆ. ಉಳಿದ ಜೀನ್‌ಗಳು ಸಿಟಿ 20ರ ಹೊತ್ತಿಗೆ ಎದ್ದು ಎಸ್ ಮಾತ್ರ ಮಲಗಿದ್ದ ಏಳು ಮಾದರಿಗಳನ್ನು ಹೆಕ್ಕಿ, ಒಂದು ನೆಗೆಟಿವ್ ಕಂಟ್ರೋಲ್ ಸೇರಿಸಿ ಓಡಿಸಿದೆವು. ಆರರಲ್ಲಿ ಜೆಎನ್.1ರ ಗುರುತಾದ ಎಲ್455ಎಸ್ ಮ್ಯುಟೇಶನ್ ನಿಚ್ಚಳವಾಗಿ ಕಂಡಿತು. ಏಳನೆಯದರಲ್ಲಿ 20 ಪಟ್ಟು ಆಳ ಸಿಗದ (ಕನಿಷ್ಠ 20 ಸಲ ಓದಲಾಗದ) ಭಾಗಗಳೇ ಮೂರು ಸಾವಿರ ಬೇಸ್ ಮೀರಿದ್ದವು. ತಳಿ ಗುರುತಿಸುವ ಪ್ಯಾಂಗೊಲಿನ್ ತಂತ್ರಾಂಶ ಅದಕ್ಕೂ ಒಂದು ಪೂರ್ವಜ ತಳಿಯ ಹೆಸರು ಕೊಟ್ಟಿತು, ನಾನು ವರದಿಯಲ್ಲಿ ಹಾಕಲಿಲ್ಲ. ಹೊರಗೆ ಕಳುಹಿಸಿದ್ದ ಜೋಡಿ ಮಾದರಿಗಳ ಫಲಿತಾಂಶ ಬಹಳ ದಿನಗಳ ಮೇಲೆ ಬಂದಾಗ ಆರೂ ತಾಳೆಯಾದವು. ಹಿಂದೆ ನಕ್ಕಿದ್ದವರು ಆಮೇಲೆ ಪ್ರೋಟೋಕಾಲ್ ಕೇಳಿದರು.

ಈ ನಡುವೆ ಚರಂಡಿ ನೀರಿನ ಮೇಲೂ ಕೈಯಾಡಿಸಿದೆವು. ಪಿಇಜಿ ಎಂಬ ರಾಸಾಯನಿಕದಿಂದ ಸಾಂದ್ರಗೊಳಿಸಿ, ಊಟದ ಮೆಣಸಿನಕಾಯಿಯ ಮೂಲಕ ಮಲಕ್ಕೆ ಬರುವ ಪಿಎಂಎಂಒವಿ ಸಸ್ಯವೈರಸ್ಸನ್ನು ಅಳತೆಗೋಲಾಗಿಟ್ಟು ನೋಡಿದರೆ, ಜುಲೈ ತಿಂಗಳಲ್ಲಿ ಆ ಸಸ್ಯವೈರಸ್ಸೇ ಕಾಣದಷ್ಟು ನೀರು ತೆಳುವಾಗಿತ್ತು. ಜನವರಿಯ ಒಣ ದಿನಗಳಲ್ಲಿ ಮಾತ್ರ ಫ್ರೇಯಾ ತಂತ್ರಾಂಶ ಜೆಎನ್.1ರ ಪಾಲನ್ನು ಬಿಡಿಸಿ ತೋರಿಸುವಷ್ಟು ತುಣುಕುಗಳು ಸಿಕ್ಕವು. ಮಡಿಕೇರಿಯ ಮನೆಗಳಲ್ಲಿ ಶೌಚಗುಂಡಿಗಳೇ ಹೆಚ್ಚಾದ್ದರಿಂದ ಹಾಸ್ಟೆಲ್ಲಿನ ಹೊರಹರಿವಿನಂಥ ಒಂದೆರಡು ಕಡೆ ಬಿಟ್ಟರೆ ಮಾದರಿ ತೆಗೆಯಲು ಜಾಗವಿಲ್ಲ. ಮುಂದಿನ ಫ್ಲೋಸೆಲ್ಲಿಗೆ ಹಣ ಮಂಜೂರಾದರೆ ನವೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿಂದಲೇ ವಾರಕ್ಕೊಂದು ಬಾಟಲಿ ತರುವುದೆಂದಿದ್ದೇವೆ.